ಮೈನಸ್ 20ರಲ್ಲೂ ಸೈಕಲ್ ತುಳಿಯುವ ಊರು

ಫಿನ್‌ಲೆಂಡಿನ ಔಲು ನಗರದ ಮೆಟ್ಸೊಕಂಗಾಸ್ ಶಾಲೆಯ ಚಿತ್ರವೊಂದು ಕೆಲವು ವರ್ಷಗಳ ಹಿಂದೆ ಜಗತ್ತಿನ ಸೈಕಲ್ ಪ್ರಿಯರ ನಡುವೆ ಬಹಳ ಓಡಾಡಿತು. ಹಿಮ ಮುಚ್ಚಿದ ಅಂಗಳ, ಅದರಲ್ಲಿ ಸಾಲುಸಾಲಾಗಿ ನಿಂತ ನೂರಾರು ಸೈಕಲ್‌ಗಳು. ಆ ದಿನದ ಉಷ್ಣಾಂಶ ಮೈನಸ್ 17 ಡಿಗ್ರಿ. ಚಿತ್ರವನ್ನು ಹಂಚಿಕೊಂಡವರು ಅದೇ ಊರಿನ ಸೈಕಲ್ ಸಂಚಾರ ತಜ್ಞ ಪೆಕ್ಕಾ ತಹ್ಕೊಲಾ. ಶಾಲೆಯ ಸುಮಾರು 1,200 ಮಕ್ಕಳಲ್ಲಿ ಸಾವಿರದಷ್ಟು ಮಂದಿ ಸೈಕಲ್ಲಿನಲ್ಲೇ ಬಂದಿದ್ದರು. ನೂರು ಚಿಲ್ಲರೆ ಮಕ್ಕಳು ನಡೆದು ಬಂದಿದ್ದರು, ಮಿಕ್ಕವರಲ್ಲಿ ಕೆಲವರು ಸ್ಕೀ ಕಟ್ಟಿಕೊಂಡು, ಇನ್ನು ಕೆಲವರು ಕಾಲಿನಿಂದ ನೆಲ ಒದ್ದು ಓಡಿಸುವ ಜಾರುಬಂಡಿಯ ಮೇಲೆ ಬಂದಿದ್ದರು. ಅಪ್ಪ ಅಮ್ಮನ ಕಾರಿನಲ್ಲಿ ಬಂದಿಳಿದವರು ಬೆರಳೆಣಿಕೆಯಷ್ಟು.

ಬಾಥ್ನಿಯಾ ಕೊಲ್ಲಿಯ ದಂಡೆಯಲ್ಲಿರುವ ಔಲು, ಆರ್ಕ್ಟಿಕ್ ವೃತ್ತಕ್ಕೆ ಇನ್ನೂರು ಕಿಲೋಮೀಟರಿಗೂ ಕಡಿಮೆ ದೂರದಲ್ಲಿರುವ, ಎರಡು ಲಕ್ಷಕ್ಕೂ ಹೆಚ್ಚು ಜನರ ನಗರ. ಜನವರಿಯ ಸರಾಸರಿ ಉಷ್ಣಾಂಶ ಮೈನಸ್ 9ರ ಆಸುಪಾಸು. ಮೈನಸ್ 20ಕ್ಕೆ ಇಳಿದರೆ ಯಾರೂ ಅದನ್ನು ಸುದ್ದಿ ಮಾಡುವುದಿಲ್ಲ. ಹಿಮ ಹೆಚ್ಚುಕಡಿಮೆ ಐದು ತಿಂಗಳು ನೆಲ ಬಿಟ್ಟು ಕದಲುವುದಿಲ್ಲ. ಇಷ್ಟಾದರೂ ಚಳಿಗಾಲದಲ್ಲಿ ಊರಿನ ಒಟ್ಟು ಪ್ರಯಾಣಗಳಲ್ಲಿ ಶೇ 12ರಷ್ಟು ಸೈಕಲ್ಲಿನ ಮೇಲೆಯೇ ನಡೆಯುತ್ತವೆ. ವರ್ಷವಿಡೀ ಬೆಚ್ಚಗಿರುವ ಎಷ್ಟೋ ನಗರಗಳು ಬೇಸಿಗೆಯಲ್ಲೂ ಈ ಅಂಕಿ ಮುಟ್ಟುವುದಿಲ್ಲ.

ಈ ಊರಿಗೂ ಬೆಂಗಳೂರಿಗೂ ಒಂದು ನಂಟಿದೆ. ನೋಕಿಯಾ ಕಂಪನಿಯ ರೇಡಿಯೊ ತಂತ್ರಜ್ಞಾನದ ದೊಡ್ಡ ನೆಲೆಗಳಲ್ಲಿ ಔಲು ಒಂದು. ಅದೇ ಕಂಪನಿಯ ದೊಡ್ಡ ಸಂಶೋಧನಾ ಕೇಂದ್ರ ಬೆಂಗಳೂರಿನಲ್ಲಿದೆ. ಹಾಗಾಗಿ ಎರಡೂ ಕಡೆಯ ಎಂಜಿನಿಯರುಗಳ ಓಡಾಟ ಇದ್ದೇ ಇದೆ. ಭಾನುವಾರದ ನಸುಕಿನಲ್ಲಿ ನಂದಿ ಬೆಟ್ಟ ಹತ್ತಿ ರೂಢಿಯಾದ ಕಾಲುಗಳು ಇಲ್ಲಿಗೆ ಬಂದು ಮೊದಲ ನವೆಂಬರಿನಲ್ಲೇ ಕಂಗಾಲಾಗುತ್ತವೆ. ಸೈಕಲ್ ನೆಲಮಾಳಿಗೆ ಸೇರುತ್ತದೆ, ಏಪ್ರಿಲ್‌ವರೆಗೆ ಹೊರಬರುವುದಿಲ್ಲ. ಅಂಥ ಗೆಳೆಯರನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ, ಏಕೆಂದರೆ ಅವರು ಹೆದರುತ್ತಿರುವುದು ತಪ್ಪು ವಸ್ತುವಿಗೆ. ಇಲ್ಲಿನ ಚಳಿಗಾಲಗಳು ನನಗೆ ಮನದಟ್ಟು ಮಾಡಿಕೊಟ್ಟದ್ದು ಇಷ್ಟು: ಸವಾರನನ್ನು ಸೋಲಿಸುವುದು ತೇವ. ಮೈಮೇಲಿನ ತೇವ, ದಾರಿಯ ಮೇಲಿನ ತೇವ. ಮೊದಲನೆಯದನ್ನು ತಡೆಯುವುದು ಸವಾರನ ಕೈಯಲ್ಲಿದೆ, ಎರಡನೆಯದು ನಗರಸಭೆಯ ಕೈಯಲ್ಲಿದೆ.

ಒಳಗಿನ ಬೆಂಕಿ, ಹೊರಗಿನ ಗಾಳಿ

ಪೆಡಲ್ ತುಳಿಯುವಾಗ ನಮ್ಮ ಸ್ನಾಯುಗಳು ಖರ್ಚು ಮಾಡುವ ಶಕ್ತಿಯಲ್ಲಿ ಚಕ್ರಕ್ಕೆ ತಲುಪುವುದು ಕಾಲು ಭಾಗ, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ. ಉಳಿದ ಮುಕ್ಕಾಲು ಶಾಖವಾಗುತ್ತದೆ. ಪೆಡಲಿಗೆ 100 ವಾಟ್ ಕೊಡುವ ಸಾಧಾರಣ ಸವಾರನ ಮೈ 300 ವಾಟಿಗೂ ಹೆಚ್ಚು ಶಾಖ ಹುಟ್ಟಿಸುತ್ತಿರುತ್ತದೆ. ಹೊರಡುವಾಗ ಬೆಚ್ಚಗಿರುವಂತೆ ಉಡುಪು ತೊಟ್ಟವರು ಹತ್ತು ನಿಮಿಷದಲ್ಲಿ ಬೆವರುವುದು ಇದಕ್ಕೇ. ಬೆವರು ಒಳ ಅಂಗಿಯಲ್ಲಿ ನಿಲ್ಲುತ್ತದೆ. ಸಿಗ್ನಲ್ ಬಂದು ನಿಂತಾಗ, ಇಳಿಜಾರಿನಲ್ಲಿ ತುಳಿಯದೆ ಸಾಗಿದಾಗ ಶಾಖದ ಉತ್ಪಾದನೆ ಕುಸಿಯುತ್ತದೆ, ಬೆವರು ಆರುವುದು ಮಾತ್ರ ನಿಲ್ಲುವುದಿಲ್ಲ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,400 ಜೂಲ್ ಶಾಖ ಬೇಕು, ಅದು ನೇರವಾಗಿ ಚರ್ಮದಿಂದ ಹೋಗುತ್ತದೆ. ಎಲುಬು ಕೊರೆಯುವ ಚಳಿ ಎಂದು ನಾವು ದೂರುವುದು ಬಹಳ ಸಲ ನಮ್ಮದೇ ಬೆವರನ್ನು.

ಆದ್ದರಿಂದ ಇಲ್ಲಿನ ಹಳಬರು ಹೊಸಬರಿಗೆ ಹೇಳುವ ಮೊದಲ ಮಾತು: ಮನೆಯಿಂದ ಹೊರಬಿದ್ದಾಗ ಮೊದಲ ಐದು ನಿಮಿಷ ಸಣ್ಣಗೆ ನಡುಕ ಬರಬೇಕು. ನಡುಕವಿಲ್ಲದಿದ್ದರೆ ಒಂದು ಪದರ ಹೆಚ್ಚಾಗಿದೆ ಎಂದೇ ಅರ್ಥ. ಮೈಗೆ ತಾಗುವ ಪದರ ಉಣ್ಣೆಯದಾಗಿರಬೇಕು, ಅದರಲ್ಲೂ ಮೆರಿನೊ ಉಣ್ಣೆ ಒಳ್ಳೆಯದು. ಒದ್ದೆಯಾದರೂ ಅದು ಬೆಚ್ಚಗಿಡುತ್ತದೆ. ನಮ್ಮೂರಿನಿಂದ ಸೂಟ್‌ಕೇಸಿನಲ್ಲಿ ತಂದ ಹತ್ತಿಯ ಥರ್ಮಲ್ ಬನಿಯನ್ ಆಫೀಸಿನೊಳಗೆ ಸರಿ, ಸೈಕಲ್ಲಿಗೆ ಬೇಡವೇ ಬೇಡ. ಹತ್ತಿ ನೀರು ಕುಡಿದು ಹಿಡಿದಿಟ್ಟುಕೊಳ್ಳುತ್ತದೆ. ನಡುವೆ ಇನ್ನೊಂದು ತೆಳು ಪದರ, ಮೇಲೆ ಗಾಳಿ ತಡೆಯುವ ಜಾಕೆಟ್. ಕಂಕುಳಲ್ಲಿ ಜಿಪ್ ಇದ್ದರೆ ಇನ್ನೂ ಒಳ್ಳೆಯದು. ಎದೆಗೆ ಇಷ್ಟು ಸಾಕು. ದಪ್ಪನೆಯ ಪುಕ್ಕದ ಕೋಟು ಬಸ್ಸಿಗೆ ಕಾಯುವವರಿಗೆ.

ಕಷ್ಟವಿರುವುದು ಕೈಕಾಲು ಬೆರಳುಗಳಲ್ಲಿ. ಚಳಿ ತಟ್ಟಿದ ಕೂಡಲೇ ದೇಹ ಹೃದಯ, ಮಿದುಳುಗಳನ್ನು ಕಾಯಲು ತುದಿಗಳ ರಕ್ತನಾಳಗಳನ್ನು ಬಿಗಿಯುತ್ತದೆ. ಹ್ಯಾಂಡಲ್ ಹಿಡಿದ ಕೈ ಅಲುಗುವುದಿಲ್ಲ, ಬೂಟಿನೊಳಗಿನ ಬೆರಳೂ ಅಲುಗುವುದಿಲ್ಲ, ಗಾಳಿ ಮಾತ್ರ ಎದುರಿನಿಂದ ಬಡಿಯುತ್ತಲೇ ಇರುತ್ತದೆ. ಈ ಗಾಳಿಯ ಲೆಕ್ಕ ಹುಟ್ಟಿದ್ದು ಅಂಟಾರ್ಕ್ಟಿಕಾದಲ್ಲಿ. 1940ರ ದಶಕದ ಆರಂಭದಲ್ಲಿ ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್ ಎಂಬ ಅಮೆರಿಕದ ಅನ್ವೇಷಕರು ಅಲ್ಲಿ ನೀರು ತುಂಬಿದ ಡಬ್ಬಿಯನ್ನು ಗಾಳಿಗೆ ತೂಗುಹಾಕಿ, ಅದು ಹೆಪ್ಪುಗಟ್ಟಲು ಹಿಡಿಯುವ ಹೊತ್ತನ್ನು ಅಳೆದರು. ಅವರ ಕೆಲಸದಿಂದ ಬೆಳೆದ ಇಂದಿನ ಸೂತ್ರದ ಪ್ರಕಾರ ಮೈನಸ್ 10 ಡಿಗ್ರಿಯಲ್ಲಿ ಗಂಟೆಗೆ 20 ಕಿಲೋಮೀಟರ್ ಗಾಳಿ ಬೀಸಿದರೆ ಬರಿಯ ಚರ್ಮಕ್ಕೆ ಅದು ಮೈನಸ್ 18ರಂತೆ. ಮೈನಸ್ 20 ಇದ್ದರೆ ಮೈನಸ್ 30ರಂತೆ. ಸೈಕಲ್ ಸವಾರನಿಗೆ ಗಾಳಿಯೇ ಬೀಸಬೇಕಿಲ್ಲ, ಅವನ ವೇಗವೇ ಅವನ ಗಾಳಿ. ಮೈನಸ್ 30ರ ಮಟ್ಟದಲ್ಲಿ ತೆರೆದ ಚರ್ಮ ಅರ್ಧ ಗಂಟೆಯೊಳಗೆ ಹಿಮಕಡಿತಕ್ಕೆ ಈಡಾಗಬಹುದು. ಮೂಗಿನ ತುದಿ, ಕಿವಿ, ಕೆನ್ನೆಯ ಮೂಳೆ ಎಲ್ಲವನ್ನೂ ಮುಚ್ಚಿ. ಈ ಒಂದು ವಿಷಯದಲ್ಲಿ ಧೈರ್ಯ ತೋರಿಸುವುದು ಬೇಡ.

ಬೆರಳು ಬಿಡಿಬಿಡಿಯಾಗಿರುವ ಗ್ಲೌಸಿಗಿಂತ ನಾಲ್ಕೂ ಬೆರಳು ಒಟ್ಟಿಗಿರುವ ಕೈಗವಸು ಬೆಚ್ಚಗಿರುತ್ತದೆ. ಅದಕ್ಕೂ ಮೇಲಾದದ್ದು ಹ್ಯಾಂಡಲ್ಲಿಗೇ ಕಟ್ಟುವ ದೊಡ್ಡ ಚೀಲ. ಅಮೆರಿಕನ್ನರು ಅದನ್ನು ಪೋಗಿ ಎನ್ನುತ್ತಾರೆ. ಅದರೊಳಗೆ ತೆಳು ಗ್ಲೌಸ್ ಹಾಕಿದ ಕೈ ತೂರಿಸಿದರೆ ಸಾಕು. ಬ್ರೇಕೂ ಗೇರೂ ಒಳಗೇ ಸಿಗುತ್ತವೆ. ಚಳಿಗಾಲದ ಸಾಮಾನುಗಳಲ್ಲಿ ಕೊಟ್ಟ ಕಾಸಿಗೆ ಅತಿ ಹೆಚ್ಚು ಸುಖ ಕೊಡುವುದು ಇದೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬೂಟಿನ ವಿಷಯದಲ್ಲಿ ರೇಸಿಂಗ್ ಹುಚ್ಚಿನವರು ಒಂದು ಹೆಜ್ಜೆ ಹಿಂದಿಡಬೇಕು. ಪೆಡಲಿಗೆ ಕಚ್ಚಿಕೊಳ್ಳುವ ಲೋಹದ ಕ್ಲೀಟ್ ಅಂಗಾಲಿನ ಶಾಖವನ್ನು ಹೀರಿ ಹೊರಗೆ ಹಾಕುತ್ತದೆ. ಚಪ್ಪಟೆ ಪೆಡಲ್, ಒಂದು ಸೈಜ್ ದೊಡ್ಡ ಬೂಟು, ಒಳಗೆ ಉಣ್ಣೆಯ ಕಾಲುಚೀಲ. ಬೆರಳಾಡಿಸಲು ಜಾಗ ಉಳಿಯಬೇಕು. ಬಿಗಿಯಾದ ಬೂಟಿನಲ್ಲಿ ಎರಡು ಜೊತೆ ಕಾಲುಚೀಲ ತುರುಕಿದರೆ ರಕ್ತ ಸಂಚಾರ ಕುಗ್ಗಿ ಇನ್ನಷ್ಟು ಚಳಿಯಾಗುತ್ತದೆ.

ದಾರಿ ಒಣಗಿದ್ದರೆ ಹಿಮವೂ ದಾರಿಯೇ

ಇಲ್ಲಿ ಹುಟ್ಟಿದವರನ್ನು ಕೇಳಿ ನೋಡಿ, ಜನವರಿಗಿಂತ ನವೆಂಬರ್ ಕಷ್ಟ, ಮಾರ್ಚ್ ಕಷ್ಟ ಎನ್ನುತ್ತಾರೆ. ಉಷ್ಣಾಂಶ ಸೊನ್ನೆಯ ಆಚೀಚೆ ತೂಗುವ ತಿಂಗಳುಗಳು ಅವು. ಹಗಲು ಕರಗಿದ್ದು ರಾತ್ರಿ ಗಾಜಾಗುತ್ತದೆ. ಮಂಜುಗಡ್ಡೆಯ ಮೇಲ್ಮೈಯಲ್ಲಿ ದ್ರವದಂಥ ಅತಿ ತೆಳುವಾದ ಪದರವಿರುತ್ತದೆ ಎಂದು ಮೈಕೆಲ್ ಫ್ಯಾರಡೆ 1850ರಲ್ಲೇ ಊಹಿಸಿದ್ದ. ಸೊನ್ನೆಯ ಹತ್ತಿರ ಈ ಪದರ ದಪ್ಪವಾಗುತ್ತದೆ, ಅದರ ಮೇಲೆ ಕರಗಿದ ನೀರೂ ನಿಂತರೆ ಟೈರಿಗೆ ಹಿಡಿತವೆಂಬುದೇ ಇರುವುದಿಲ್ಲ. ಉಷ್ಣಾಂಶ ಕೆಳಕೆಳಗೆ ಇಳಿದಂತೆ ಪದರ ತೆಳುವಾಗುತ್ತದೆ, ಜಾರುವಿಕೆಯೂ ಕಡಿಮೆಯಾಗುತ್ತದೆ. ಮೈನಸ್ 20ರ ಹಿಮದ ಮೇಲೆ ಟೈರ್ ಕಿರುಗುಟ್ಟುತ್ತಾ ಭದ್ರವಾಗಿ ಉರುಳುತ್ತದೆ. ಚಳಿ ಹೆಚ್ಚಾದಷ್ಟೂ ದಾರಿ ಸುಭದ್ರ ಎಂಬುದನ್ನು ನಂಬಲು ನಮ್ಮ ಕಡೆಯವರಿಗೆ ಸ್ವಲ್ಪ ಹೊತ್ತು ಬೇಕಾಗುತ್ತದೆ.

ಔಲು ನಗರದ ಜಾಣತನ ಇರುವುದು ಇದನ್ನು ಅರಿತು ದಾರಿ ಕಾಯುವುದರಲ್ಲಿ. ಊರಿನ 900 ಕಿಲೋಮೀಟರಿಗೂ ಹೆಚ್ಚಿನ ಸೈಕಲ್ ದಾರಿಗಳಲ್ಲಿ ಬಹುಪಾಲನ್ನು ಚಳಿಗಾಲವಿಡೀ ತೆರೆದಿಡುತ್ತಾರೆ. ಮುಖ್ಯ ದಾರಿಗಳ ಹಿಮವನ್ನು ಬೆಳಿಗ್ಗೆ ಜನ ಕೆಲಸಕ್ಕೆ ಹೊರಡುವ ಮೊದಲೇ ಗೋರಿ ಮುಗಿಸುತ್ತಾರೆ. ಆದರೆ ಡಾಂಬರು ಕಾಣುವವರೆಗೆ ಕೆರೆಯುವುದಿಲ್ಲ, ಉಪ್ಪು ಸುರಿಯುವುದಿಲ್ಲ. ಹಲ್ಲುಳ್ಳ ಅಲಗಿನಿಂದ ಮೇಲಿನ ಸಡಿಲ ಹಿಮವನ್ನು ಸವರಿ, ಕೆಳಗೆ ಒತ್ತಿ ಗಟ್ಟಿಯಾದ ಪದರವನ್ನು ಹಾಗೇ ಉಳಿಸುತ್ತಾರೆ. ಸುಗ್ಗಿಗೆ ಮುನ್ನ ಗುಂಡು ಎಳೆದು ಗಟ್ಟಿ ಮಾಡಿದ ಕಣದಂತೆ ಆ ದಾರಿ ಸಪಾಟಾಗಿ, ಒಣಗಿ, ಕಾಲಿಗೂ ಟೈರಿಗೂ ಹಿಡಿತ ಕೊಡುತ್ತದೆ. ಜಾರುವ ಕಡೆ ಸಣ್ಣ ಜಲ್ಲಿ ಎರಚುತ್ತಾರೆ, ಅಷ್ಟೇ. ನೆಲದ ಬಿಳಿ ಗೆರೆ ಹಿಮದಡಿ ಹೂತುಹೋಗುವುದರಿಂದ ಕೆಲವು ಕಡೆ ಕಂಬದ ಮೇಲಿನ ದೀಪದಿಂದ ಸೈಕಲ್ಲಿನ ಗುರುತನ್ನು ಹಿಮದ ಮೇಲೆ ಬೆಳಕಾಗಿ ಬೀಳಿಸುತ್ತಾರೆ.

ಉಪ್ಪು ಏಕೆ ಬೇಡ? ಅಡುಗೆ ಉಪ್ಪಿನ ದ್ರಾವಣ ಪ್ರಯೋಗಾಲಯದಲ್ಲಿ ಮೈನಸ್ 21 ಡಿಗ್ರಿಯವರೆಗೂ ದ್ರವವಾಗಿ ಉಳಿಯಬಲ್ಲದು, ರಸ್ತೆಯ ಮೇಲಾದರೆ ಮೈನಸ್ 10ರ ಸುಮಾರಿಗೇ ಅದು ಕೈಸೋಲುತ್ತದೆ. ಔಲುವಿನಂಥ ಊರಿನಲ್ಲಿ ಉಪ್ಪು ಹಾಕಿದರೆ ಒಣ ಹಿಮ ಕಂದು ಬಣ್ಣದ ರೊಚ್ಚಾಗುತ್ತದೆ, ರಾತ್ರಿ ಆ ರೊಚ್ಚು ಚಕ್ರಗಳ ಜಾಡಿನ ಸಮೇತ ಕಲ್ಲಾಗುತ್ತದೆ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಸಮುದ್ರದ ಗಾಳಿಯಿಂದ ಚಳಿಗಾಲ ಸೊನ್ನೆಯ ಸುತ್ತಲೇ ಸುಳಿಯುತ್ತದೆ. ಅಲ್ಲಿಗೆ ಒಪ್ಪುವುದು ಬೇರೆ ಮದ್ದು: ಉಪ್ಪುನೀರು ಸಿಂಪಡಿಸಿ, ಹಿಮವನ್ನು ಪೂರ್ತಿ ಗುಡಿಸಿ ಡಾಂಬರನ್ನು ಬರಿದಾಗಿಡುವುದು. ಸ್ವೀಡನ್ನಿನ ಲಿಂಶೋಪಿಂಗ್ ನಗರ ಮುಂದೆ ತಿರುಗುವ ಕುಂಚ, ಹಿಂದೆ ಉಪ್ಪುನೀರಿನ ಟ್ಯಾಂಕು ಇರುವ ವಾಹನದಿಂದ ಇದೇ ಕೆಲಸ ಮಾಡುತ್ತದೆ. ಎರಡೂ ವಿಧಾನಗಳ ಗುರಿ ಒಂದೇ, ದಾರಿಯ ಮೇಲೆ ನೀರು ನಿಲ್ಲಬಾರದು. ಇನ್ನೊಂದು ಸಮಾನ ಅಂಶವೂ ಇದೆ: ಕೋಪನ್‌ಹೇಗನ್ ಆಗಲಿ ಔಲು ಆಗಲಿ, ಮುಖ್ಯ ಸೈಕಲ್ ದಾರಿಗಳನ್ನು ಕಾರುಗಳ ಸಣ್ಣಪುಟ್ಟ ರಸ್ತೆಗಳಿಗಿಂತ ಮೊದಲು ಶುಚಿಗೊಳಿಸುತ್ತವೆ. ಸರದಿಯಲ್ಲಿ ಸೈಕಲ್ಲಿಗೆ ಯಾವ ಸ್ಥಾನ ಎಂಬ ಒಂದೇ ಪ್ರಶ್ನೆಯಿಂದ ನಗರವೊಂದರ ಮನಸ್ಸನ್ನು ಅಳೆಯಬಹುದು.

ಈ ವ್ಯವಸ್ಥೆ ಒಂದೆರಡು ವರ್ಷದಲ್ಲಿ ಬಂದದ್ದಲ್ಲ. 1970ರ ದಶಕದ ಆರಂಭದಲ್ಲೇ ಔಲು ಸೈಕಲ್ ದಾರಿಗಳ ಸಮಗ್ರ ಯೋಜನೆ ಮಾಡಿತು. ಸಂಚಾರ ಎಂಜಿನಿಯರ್ ಮೌರಿ ಮ್ಯೂಲ್ಯೂಲಾ ಅದರ ಹಿಂದಿನ ಮುಖ್ಯ ಶಕ್ತಿ. ಬಡಾವಣೆಗಳನ್ನು ಕಟ್ಟುವಾಗಲೇ ಮನೆ, ಶಾಲೆ, ಅಂಗಡಿಗಳ ನಡುವೆ ಕಾರಿನ ದಾರಿಗಿಂತ ಸೈಕಲ್ ದಾರಿ ನೇರವಾಗಿರುವಂತೆ ನೋಡಿಕೊಂಡರು. ದೊಡ್ಡ ರಸ್ತೆ ಎದುರಾದ ಕಡೆ ಅಂಡರ್‌ಪಾಸ್ ತೋಡಿದರು, ಅಂಥವು ಈಗ ಊರಿನಲ್ಲಿ ನೂರಾರಿವೆ. ಏಳು ವರ್ಷದ ಮಗು ಮೈನಸ್ 17ರಲ್ಲಿ ಒಬ್ಬಂಟಿಯಾಗಿ ಸೈಕಲ್ ತುಳಿದು ಶಾಲೆಗೆ ಹೋಗುವುದು ಆ ಮಗುವಿನ ಸಾಹಸವೆಂದು ಹೊಗಳುವವರು ಈ ಅಂಡರ್‌ಪಾಸುಗಳನ್ನು ನೋಡಬೇಕು. 2013ರಲ್ಲಿ ಚಳಿಗಾಲದ ಸೈಕಲ್ ಸಂಚಾರದ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆದದ್ದೂ ಔಲುವಿನಲ್ಲೇ. ಮರುವರ್ಷ ಅದು ಕೆನಡಾದ ವಿನಿಪೆಗ್‌ಗೆ ಹೋಯಿತು, ಆಮೇಲೆ ಮಿನಿಯಾಪೊಲಿಸ್, ಮಾಂಟ್ರಿಯಲ್, ಮಾಸ್ಕೊ ಹೀಗೆ ಊರೂರು ಸುತ್ತಿತು.

ಕೆಟ್ಟ ಹವೆ ಎಂಬುದೇ ಇಲ್ಲ, ಕೆಟ್ಟ ಉಡುಪು ಮಾತ್ರ ಇದೆ ಎಂಬ ಗಾದೆ ಉತ್ತರದ ದೇಶಗಳಲ್ಲಿ ಎಲ್ಲರ ಬಾಯಲ್ಲೂ ಇದೆ. ಅದು ಅರ್ಧ ನಿಜ ಮಾತ್ರ. ಎಷ್ಟೇ ಒಳ್ಳೆಯ ಉಡುಪು ತೊಟ್ಟರೂ ಗೋರದೆ ಬಿಟ್ಟ ದಾರಿಯಲ್ಲಿ ಸೈಕಲ್ ಓಡುವುದಿಲ್ಲ.

ಸೈಕಲ್ಲಿಗೂ ಚಳಿಗಾಲ

1900ನೇ ಇಸವಿಯ ಫೆಬ್ರವರಿಯಲ್ಲಿ ಎಡ್ ಜೆಸ್ಸನ್ ಎಂಬಾತ ಕೆನಡಾದ ಡಾಸನ್‌ನಿಂದ ಅಲಾಸ್ಕದ ನೋಮ್‌ಗೆ, ಹೆಪ್ಪುಗಟ್ಟಿದ ಯೂಕಾನ್ ನದಿಯ ಮೇಲೆ ಸೈಕಲ್ ತುಳಿದುಕೊಂಡು ಹೊರಟ. ನೋಮ್‌ನಲ್ಲಿ ಚಿನ್ನ ಸಿಕ್ಕ ಸುದ್ದಿ ಅವನನ್ನು ಎಳೆದಿತ್ತು. ಸಾವಿರ ಮೈಲಿಯ ಸುಮಾರಿನ ದಾರಿ, ನಾಯಿಬಂಡಿಗಳ ಜಾಡೇ ರಸ್ತೆ. ಅತಿ ಚಳಿಯ ದಿನಗಳಲ್ಲಿ ಅವನ ಟೈರಿನ ರಬ್ಬರು ಕೊಳವೆಯಂತೆ ಸೆಟೆದುಕೊಂಡಿತು, ಬೇರಿಂಗಿನ ಎಣ್ಣೆ ಹೆಪ್ಪುಗಟ್ಟಿ ಚಕ್ರ ತಿರುಗಲೊಲ್ಲದಾಯಿತು. ಆದರೂ ಮಾರ್ಚ್ ಮುಗಿಯುವುದರೊಳಗೆ ಆತ ನೋಮ್ ತಲುಪಿದ. ನಾಯಿಗಳಿಗೆ ಹಾಕಲು ಮೀನು ಹೊರಬೇಕಿಲ್ಲದ ಅವನ ವಾಹನವನ್ನು ದಾರಿಯ ಜನ ಬೆರಗಾಗಿ ನೋಡಿದರು.

ಅವನನ್ನು ಕಾಡಿದ ಎರಡು ತೊಂದರೆಗಳೂ ಇಂದಿಗೂ ಹಾಗೇ ಇವೆ, ಪರಿಹಾರ ಮಾತ್ರ ಸುಲಭವಾಗಿದೆ. ಚಳಿಗಾಲದ ಟೈರಿನ ರಬ್ಬರು ಬೇರೆ ಬಗೆಯದು, ಕೆಳ ಉಷ್ಣಾಂಶದಲ್ಲೂ ಮೆದುವಾಗಿರುತ್ತದೆ. ಅದಕ್ಕೆ ಸಾಮಾನ್ಯವಾಗಿ ನೂರರಿಂದ ಮುನ್ನೂರರವರೆಗೆ ಟಂಗ್‌ಸ್ಟನ್ ಕಾರ್ಬೈಡಿನ ಸಣ್ಣ ಮೊಳೆಗಳನ್ನು ಕೂರಿಸಿರುತ್ತಾರೆ. ಈ ವಿದ್ಯೆಯಲ್ಲಿ ಫಿನ್ನರದು ಹಳೆಯ ಕೈ: ಮೊಬೈಲಿನಿಂದ ನಮಗೆ ಪರಿಚಿತವಾದ ಹೆಸರಿನ ನೋಕಿಯಾ ಪಟ್ಟಣದ ರಬ್ಬರ್ ಕಾರ್ಖಾನೆ 1925ರಲ್ಲೇ ಸೈಕಲ್ ಟೈರ್ ಮಾಡುತ್ತಿತ್ತು, 1934ರಲ್ಲಿ ಚಳಿಗಾಲಕ್ಕೆಂದೇ ವಾಹನದ ಟೈರ್ ತಂದಿತು. ಮೊಳೆ ಟೈರ್ ಒಣ ಡಾಂಬರಿನ ಮೇಲೆ ಗದ್ದಲ ಮಾಡುತ್ತದೆ, ಭಾರ, ನಿಧಾನ. ಆದರೆ ಹಿಮದಡಿ ಅಡಗಿದ ಗಾಜಿನಂಥ ಮಂಜುಗಡ್ಡೆಯ ಮೇಲೆ ತಿರುವು ತೆಗೆದುಕೊಳ್ಳುವ ಕ್ಷಣದಲ್ಲಿ ಅದೊಂದೇ ನೆಂಟ. ಹೊಸ ಟೈರ್ ಹಾಕಿದ ಮೇಲೆ ಮೊದಲ 40 ಕಿಲೋಮೀಟರ್ ಜೋರಾಗಿ ಬ್ರೇಕ್ ಒತ್ತದೆ ಓಡಿಸಿದರೆ ಮೊಳೆಗಳು ಭದ್ರವಾಗಿ ಕೂರುತ್ತವೆ. ಫ್ಯಾಟ್‌ಬೈಕ್ ಎಂಬ ಅಗಲ ಟೈರಿನ ಸೈಕಲ್, ಮಿನಿಯಾಪೊಲಿಸ್ಸಿನ ಸರ್ಲಿ ಕಂಪನಿ 2005ರಲ್ಲಿ ಪಗ್‌ಸ್ಲಿ ಮಾದರಿಯನ್ನು ಅಂಗಡಿಗೆ ತಂದಾಗಿನಿಂದ ಎಲ್ಲರಿಗೂ ಸಿಗುವಂತಾಯಿತು. ಕಾಡಿನ ಸಡಿಲ ಹಿಮಕ್ಕೆ ಅದು ಬಲು ಸೊಗಸು, ಆಫೀಸಿಗೆ ಹೋಗಲು ಅನಗತ್ಯ.

ಗಾಳಿಯ ಲೆಕ್ಕವನ್ನು ಹಲವರು ಮರೆಯುತ್ತಾರೆ. 20 ಡಿಗ್ರಿಯ ಮನೆಯೊಳಗೆ 4 ಬಾರ್ ತುಂಬಿದ ಟೈರನ್ನು ಮೈನಸ್ 20ಕ್ಕೆ ಒಯ್ದರೆ ಒತ್ತಡ ತಾನೇ ತಾನಾಗಿ ಸುಮಾರು 3.3 ಬಾರ್‌ಗೆ ಇಳಿಯುತ್ತದೆ. ಪಂಕ್ಚರ್ ಆಗಿದೆಯೆಂದು ಗಾಬರಿಯಾಗಬೇಕಿಲ್ಲ. ಹಿಮದ ಮೇಲೆ ಕಡಿಮೆ ಒತ್ತಡವೇ ಒಳ್ಳೆಯದು, ಟೈರ್ ಹರಡಿಕೊಂಡು ಹಿಡಿತ ಹೆಚ್ಚುತ್ತದೆ. ಗ್ರೀಸ್ ಗಟ್ಟಿಯಾದರೆ ಹಿಂದಿನ ಹಬ್ಬಿನೊಳಗಿನ ಸಣ್ಣ ಹಲ್ಲುಗಳು ಅಂಟಿಕೊಂಡು, ಪೆಡಲ್ ತಿರುಗಿದರೂ ಚಕ್ರ ತಿರುಗದೆ ಕೈಕೊಡುತ್ತದೆ. ಅಲ್ಲಿಗೆ ಚಳಿಗೆಂದೇ ಮಾಡಿದ ತೆಳು ಗ್ರೀಸ್ ಹಾಕಿಸಿ. ಇಲ್ಲಿನ ಅನೇಕರು ಗೇರೇ ಇಲ್ಲದ, ಪೆಡಲನ್ನು ಹಿಂದಕ್ಕೆ ಒತ್ತಿದರೆ ಬ್ರೇಕ್ ಹಿಡಿಯುವ ಹಳೆ ಮಾದರಿಯ ಸೈಕಲ್ಲನ್ನೇ ಚಳಿಗಾಲಕ್ಕೆ ಇಟ್ಟುಕೊಳ್ಳುತ್ತಾರೆ. 1965ರಿಂದ ಫಿನ್ನರ ಮನೆಮಾತಾಗಿರುವ ಯೊಪೊ ಸೈಕಲ್ ಇದೇ ಜಾತಿಯದು. ಕೆಡಲು ಅದರಲ್ಲಿ ಏನೂ ಇಲ್ಲ. ದುಬಾರಿ ಕಾರ್ಬನ್ ಸೈಕಲ್ ಇರುವವರಿಗೂ ನನ್ನ ಸಲಹೆ ಅದೇ.

ಇನ್ನೊಂದು ಮಾತು. ಸೈಕಲ್ಲನ್ನು ಪ್ರತಿದಿನ ಬೆಚ್ಚನೆಯ ಮನೆಯೊಳಗೆ ತಂದು ಮತ್ತೆ ಹೊರಗೆ ಒಯ್ಯಬೇಡಿ. ತಣ್ಣನೆಯ ಲೋಹದ ಮೇಲೆ ಮನೆಯ ಗಾಳಿಯ ತೇವ ಹನಿಗಟ್ಟಿ ಕೇಬಲ್ಲಿನೊಳಗೆ ಇಳಿಯುತ್ತದೆ, ಮರುದಿನ ಹೊರಗೆ ಹೋದಾಗ ಅಲ್ಲೇ ಹೆಪ್ಪುಗಟ್ಟಿ ಬ್ರೇಕು ಗೇರು ಎರಡನ್ನೂ ಹಿಡಿದುಬಿಡುತ್ತದೆ. ಮೇಲೆ ಸೂರಿದ್ದು ಚಳಿಯಲ್ಲೇ ಇರುವ ಶೆಡ್ ಸಾಕು. ಒಳಗೆ ತರಬೇಕಾದದ್ದು ಎಲೆಕ್ಟ್ರಿಕ್ ಸೈಕಲ್ಲಿನ ಬ್ಯಾಟರಿಯನ್ನು. ಲಿಥಿಯಂ ಬ್ಯಾಟರಿ ಚಳಿಯಲ್ಲಿ ಬೇಗ ಬಸವಳಿಯುತ್ತದೆ, ಸೊನ್ನೆಗಿಂತ ಕೆಳಗೆ ಚಾರ್ಜ್ ಮಾಡಿದರೆ ಶಾಶ್ವತವಾಗಿ ಕೆಡುತ್ತದೆ. ಉಪ್ಪು ಹಾಕುವ ಊರಿನಲ್ಲಿದ್ದರೆ ಚೈನನ್ನು ಆಗಾಗ ಒರೆಸಿ ಎಣ್ಣೆ ಹಾಕಲೇಬೇಕು, ಇಲ್ಲವಾದರೆ ವಸಂತದ ಹೊತ್ತಿಗೆ ತುಕ್ಕಿನ ಮುದ್ದೆ ಉಳಿಯುತ್ತದೆ.

ಚಳಿಗಿಂತ ಕತ್ತಲೆಗೆ ಕುಗ್ಗುವವರೇ ಹೆಚ್ಚು. ಡಿಸೆಂಬರಿನ ಕೊನೆಯಲ್ಲಿ ಔಲುವಿನಲ್ಲಿ ಸೂರ್ಯ ಬೆಳಿಗ್ಗೆ ಹತ್ತೂವರೆಗೆ ಮೂಡಿ ಮಧ್ಯಾಹ್ನ ಎರಡಕ್ಕೆಲ್ಲ ಮುಳುಗುತ್ತಾನೆ. ಹೋಗುವಾಗಲೂ ಕತ್ತಲೆ, ಬರುವಾಗಲೂ ಕತ್ತಲೆ. ಒಳ್ಳೆಯ ದೀಪ, ಮೈಮೇಲೆ ಬೆಳಕು ಪ್ರತಿಫಲಿಸುವ ಪಟ್ಟಿ ಬೇಕೇ ಬೇಕು. ಮನೆಯೊಳಗೆ ಸ್ಟ್ಯಾಂಡಿನ ಮೇಲೆ ಸೈಕಲ್ ನಿಲ್ಲಿಸಿ ಪರದೆಯ ಮುಂದೆ ತುಳಿಯುವವರೂ ಇದ್ದಾರೆ. ಕಾಲಿನ ಬಲ ಉಳಿಸಿಕೊಳ್ಳಲು ಅದು ಒಳ್ಳೆಯದೇ, ಮನಸ್ಸಿಗೆ ಮಾತ್ರ ಸಾಲದು. ನೀಲಿಗಟ್ಟಿದ ನಡುಹಗಲಿನಲ್ಲಿ, ಹಿಮ ಹೊತ್ತ ಬರ್ಚ್ ಮರಗಳ ನಡುವೆ ಅರ್ಧ ಗಂಟೆ ಸೈಕಲ್ ತುಳಿದು ಬಂದವರ ಮುಖವನ್ನೂ ಕೋಣೆಯಲ್ಲೇ ಬೆವರಿದವರ ಮುಖವನ್ನೂ ಪಕ್ಕಪಕ್ಕ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ಬಿಡಬೇಕಾದ ದಿನಗಳೂ ಇವೆ. ಮಳೆ ಬಿದ್ದು ಅದೇ ರಾತ್ರಿ ಹೆಪ್ಪುಗಟ್ಟಿದ ಬೆಳಗು ಅಂಥದ್ದು. ಆ ದಿನ ಬಸ್ಸು ಹಿಡಿಯಿರಿ. ಆಸ್ತಮಾ ಇರುವವರು ತೀವ್ರ ಚಳಿಯಲ್ಲಿ ಏದುಸಿರು ಬಿಡುವಷ್ಟು ಜೋರಾಗಿ ತುಳಿಯಬಾರದು, ಒಣ ತಣ್ಣನೆಯ ಗಾಳಿ ಶ್ವಾಸನಾಳವನ್ನು ಬಿಗಿಯುತ್ತದೆ. ಬಾಯಿ ಮೂಗಿಗೆ ಬಟ್ಟೆ ಕಟ್ಟಿಕೊಂಡರೆ ಉಸಿರಿನ ತೇವವೇ ಒಳಹೋಗುವ ಗಾಳಿಯನ್ನು ಬೆಚ್ಚಗಾಗಿಸುತ್ತದೆ. ಈ ಇಡೀ ವ್ಯವಹಾರದಲ್ಲಿ ತೇವ ನಮ್ಮ ಪಕ್ಷಕ್ಕೆ ಬರುವುದು ಇಲ್ಲೊಂದೇ ಕಡೆ. ಅಂತರರಾಷ್ಟ್ರೀಯ ಕ್ರಾಸ್-ಕಂಟ್ರಿ ಸ್ಕೀ ಸ್ಪರ್ಧೆಗಳನ್ನೂ ಮೈನಸ್ 20ಕ್ಕಿಂತ ಕೆಳಗೆ ನಡೆಸುವುದಿಲ್ಲ ಎಂಬುದು ನೆನಪಿರಲಿ. ಆ ಚಳಿಯಲ್ಲಿ ನಿಧಾನವಾಗಿ ಸಾಗುವುದೇ ಸರಿ.

ಟೊರಾಂಟೊ, ಸ್ಟಾಕ್‌ಹೋಮ್, ಮಿನಿಯಾಪೊಲಿಸ್ ಹೀಗೆ ಚಳಿಯೂರುಗಳಲ್ಲಿ ನೆಲೆಸಿರುವ ಕನ್ನಡದ ಸೈಕಲ್ ಪ್ರಿಯರಲ್ಲಿ ಎರಡು ವಿನಂತಿ. ನಿಮ್ಮ ದಾರಿಯನ್ನು ಯಾವಾಗ, ಯಾವ ಸರದಿಯಲ್ಲಿ ಗೋರುತ್ತೀರಿ ಎಂದು ನಿಮ್ಮ ನಗರಾಡಳಿತಕ್ಕೆ ಪತ್ರ ಬರೆದು ಕೇಳಿ; ಕೇಳುವವರಿದ್ದ ಕಡೆಯೇ ದಾರಿ ಬೇಗ ಶುಚಿಯಾಗುವುದು. ಇನ್ನೊಂದು, ಮೊಳೆ ಟೈರನ್ನು ಅಕ್ಟೋಬರಿನಲ್ಲೇ ಕೊಂಡು ಹಾಕಿಸಿ. ಎರಡೂ ಚಕ್ರಗಳಿಗೆ ಹಣ ಹೊಂದದಿದ್ದರೆ ಒಂದೇ ಕೊಳ್ಳಿ, ಅದನ್ನು ಮುಂದಿನ ಚಕ್ರಕ್ಕೆ ಹಾಕಿ. ಹಿಂಚಕ್ರ ಜಾರಿದರೆ ಸಾವರಿಸಿಕೊಳ್ಳಬಹುದು, ಮುಂಚಕ್ರ ಜಾರಿದರೆ ಬೀಳುವುದು ಖಚಿತ.